ಮೂಲಾ ನಕ್ಷತ್ರದ ದಾರಿಯಲ್ಲಿ

ಬೆಂಗಳೂರಿನ ಉತ್ತರಹಳ್ಳಿಯ ನಮ್ಮ ಮನೆಯ ತಾರಸಿಯ ಮೇಲೆ ನಿಂತು ರಾತ್ರಿಯ ಆಕಾಶವನ್ನು ನೋಡುವವನಿಗೆ, ಬೀದಿದೀಪಗಳೂ ಸುತ್ತಣ ಅಪಾರ್ಟ್‌ಮೆಂಟುಗಳ ಬೆಳಕೂ ಕೂಡಿ ಎಬ್ಬಿಸಿರುವ ನಸುಗೆಂಪು ಮಬ್ಬಿನ ನಡುವೆ, ಲುಬ್ಧಕ, ರೋಹಿಣಿ, ಆರ್ದ್ರೆ ಮೊದಲಾದ ಕೆಲವೇ ತಾರೆಗಳು ಕಾಣಸಿಗುತ್ತವೆ. ದಿಗಂತದಿಂದ 13 ಡಿಗ್ರಿಯಷ್ಟೇ ಮೇಲಿರುವ ಧ್ರುವನು ಯಾವುದೋ ಕಟ್ಟಡದ ಹಿಂದೆ ಮರೆಯಾಗಿದ್ದಾನೆ. ಈ ಊರು ನಿಜವಾಗಿಯೂ ಹಳ್ಳಿಯಾಗಿದ್ದ ಕಾಲದಲ್ಲಿ, ಅಂಗಳದಲ್ಲಿ ಚಾಪೆ ಹಾಸಿ ಮಲಗಿದ ಮಕ್ಕಳ ಕಣ್ಣಿಗೆ ಊರಿನ ಈ ತುದಿಯಿಂದ ಆ ತುದಿಯವರೆಗೆ ಹರಿದಂತೆ ತೋರುತ್ತಿದ್ದ ಆಕಾಶಗಂಗೆ ಮಾತ್ರ ಪೂರ್ತಿಯಾಗಿ ಅಳಿಸಿಹೋಗಿದೆ.

ಅದನ್ನು ನಾನು ಮರಳಿ ಕಂಡದ್ದು ತಮ್ಮನ ಮಗನ ಕೊಠಡಿಯ ಕಂಪ್ಯೂಟರಿನ ಪರದೆಯ ಮೇಲೆ. ಅವನಾಡುತ್ತಿದ್ದ ಆಟದ ಹೆಸರು ಎಲೀಟ್ ಡೇಂಜರಸ್. ಇಂಗ್ಲೆಂಡಿನ ಕೇಂಬ್ರಿಜ್ ನಗರದ ಫ್ರಾಂಟಿಯರ್ ಡೆವಲಪ್‌ಮೆಂಟ್ಸ್ ಸಂಸ್ಥೆ 2014ರ ಡಿಸೆಂಬರಿನಲ್ಲಿ ಹೊರತಂದ, ಅಂತರ್ಜಾಲದ ಮೂಲಕ ನಾನಾ ದೇಶದವರು ಒಟ್ಟಿಗೆ ಆಡುವ ಗಗನಯಾನದ ಆಟವದು. ಅದರಲ್ಲಿ ಯುದ್ಧವೂ ಉಂಟು, ವ್ಯಾಪಾರವೂ ಉಂಟು; ಅವುಗಳ ಗೊಡವೆಗೆ ನಾನು ಹೋಗಲಿಲ್ಲ. ನನ್ನ ಮನಸ್ಸನ್ನು ಸೆಳೆದದ್ದು, ನಮ್ಮ ಗೆಲಾಕ್ಸಿಯ ಅಳತೆಗೆ ಸರಿಯಾಗಿ ರಚಿತವಾಗಿ, ಸುಮಾರು 40,000 ಕೋಟಿ ನಕ್ಷತ್ರ ವ್ಯವಸ್ಥೆಗಳನ್ನು ಒಳಗೊಂಡು, ಖಗೋಳಜ್ಞರ ಪಟ್ಟಿಗಳಲ್ಲಿರುವ ಲಕ್ಷಕ್ಕೂ ಮಿಕ್ಕ ನಿಜ ತಾರೆಗಳನ್ನು ಅವುಗಳ ಸ್ಥಾನಗಳಲ್ಲಿಯೇ ಇರಿಸಿಕೊಂಡಿರುವ ಅದರ ಆಕಾಶ.

ಇಷ್ಟು ಲೋಕಗಳನ್ನು ಯಾರು ಕುಳಿತು ಚಿತ್ರಿಸಿದರು? ಯಾರೂ ಚಿತ್ರಿಸಲಿಲ್ಲ. 1984ರಲ್ಲಿ ಡೇವಿಡ್ ಬ್ರೇಬೆನ್ ಮತ್ತು ಇಯಾನ್ ಬೆಲ್ ಎಂಬ ಇಬ್ಬರು ಕೇಂಬ್ರಿಜ್ ವಿದ್ಯಾರ್ಥಿಗಳು ಎಲೀಟ್ ಎಂಬ ಮೂಲ ಆಟವನ್ನು ಬರೆದಾಗ, ಅವರ ಕಂಪ್ಯೂಟರಿನ ಸ್ಮೃತಿ ಕೇವಲ 32 ಕಿಲೋಬೈಟು. ಅದರೊಳಗೆ ಅವರು 8 ಗೆಲಾಕ್ಸಿಗಳನ್ನು, ಒಂದೊಂದರಲ್ಲಿ 256 ನಕ್ಷತ್ರಗಳಂತೆ, ಅಡಗಿಸಿದರು. ಲೋಕಗಳನ್ನು ಸಂಗ್ರಹಿಸಿಡದೆ, ಒಂದು ಸಂಖ್ಯೆಯನ್ನು ಬೀಜವಾಗಿಟ್ಟು ಗಣಿತದ ನಿಯಮದಿಂದ ಬೇಕಾದಾಗ ಬೆಳೆಸಿಕೊಳ್ಳುವುದೇ ಅವರ ಉಪಾಯ. ಒಂದೇ ಬೀಜದಿಂದ ಎಂದೆಂದಿಗೂ ಅದೇ ಲೋಕ ಮೊಳೆಯುತ್ತದೆ. ಛಾಂದೋಗ್ಯೋಪನಿಷತ್ತಿನಲ್ಲಿ ಉದ್ದಾಲಕನು ಮಗನಿಂದ ಆಲದ ಹಣ್ಣನ್ನು ಒಡೆಯಿಸಿ, ಕಣ್ಣಿಗೆ ಕಾಣದ ಅಣುವಿನಲ್ಲಿ ಮಹಾವೃಕ್ಷವಿರುವುದನ್ನು ತಿಳಿಸುವ ಪ್ರಸಂಗವನ್ನು ಕೇಳಿದವರಿಗೂ, ಕೆಂಗೇರಿಯಾಚೆಯ ದೊಡ್ಡ ಆಲದ ಮರದ ಬಿಳಲುಗಳ ನಡುವೆ ಅಡ್ಡಾಡಿದವರಿಗೂ ಈ ಉಪಾಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಸ ಆಟವು ಈ ಬೀಜಕ್ಕೆ ಭೌತಶಾಸ್ತ್ರದ ನೀರೆರೆದಿದೆ: ಗೆಲಾಕ್ಸಿಯ ಆಯಾ ಭಾಗದಲ್ಲಿ ದ್ರವ್ಯವೆಷ್ಟು, ಅದರ ವಯಸ್ಸೆಷ್ಟು ಎಂಬುದನ್ನು ಗಣಿಸಿ, ನಕ್ಷತ್ರವನ್ನೂ ಗ್ರಹಗಳನ್ನೂ ರೂಪಿಸುತ್ತದೆ.

ಯಾನವೆಂದರೆ ಒಂದು ತಾರೆಯಿಂದ ಮತ್ತೊಂದಕ್ಕೆ ಜಿಗಿತ. ಜಿಗಿದಷ್ಟೂ ಇಂಧನ ಕರಗುತ್ತದೆ. ಅದನ್ನು ತಾರೆಯ ಅಂಚಿನಲ್ಲಿ ಹಾರುತ್ತ ಅದರ ಜಲಜನಕವನ್ನೇ ಹೀರಿ ತುಂಬಿಕೊಳ್ಳಬೇಕು. ಆದರೆ ಎಲ್ಲ ತಾರೆಗಳೂ ಇಂಧನ ಕೊಡುವುದಿಲ್ಲ. ಖಗೋಳಜ್ಞರು ಉಷ್ಣತೆಯ ಇಳಿಕೆಯ ಕ್ರಮದಲ್ಲಿ ಜೋಡಿಸಿರುವ ಓ, ಬಿ, ಎ, ಎಫ್, ಜಿ, ಕೆ, ಎಂ ವರ್ಗಗಳವು ಮಾತ್ರ ಕೊಡುತ್ತವೆ; ಕಂದು ಕುಬ್ಜಗಳ ಬಳಿ ಹೋದವನು ಬರಿಗೈಯಲ್ಲಿ ಉಳಿಯುತ್ತಾನೆ. ಹಾಗೆ ಸಿಕ್ಕಿಕೊಂಡವರಿಗೆ ಇಂಧನ ಹೊತ್ತೊಯ್ಯಲೆಂದೇ ಆಟಗಾರರು ಫ್ಯುಯೆಲ್ ರ‍್ಯಾಟ್ಸ್ ಎಂಬ ತಂಡ ಕಟ್ಟಿಕೊಂಡಿದ್ದಾರೆಂಬುದು ನನಗೆ ಬಹಳ ಹಿತವೆನಿಸಿತು. ಪಠ್ಯಪುಸ್ತಕದಲ್ಲಿ ಎಷ್ಟು ಸಲ ಓದಿದರೂ ನಿಲ್ಲದ ಆ ಏಳು ಅಕ್ಷರಗಳು, ತೊಟ್ಟಿ ಬರಿದಾಗುತ್ತಿರುವ ನೌಕೆಯಲ್ಲಿ ಒಂದೇ ರಾತ್ರಿಗೆ ಕಂಠಸ್ಥವಾದುವು.

ದೂರವೆಂಬುದರ ಅರ್ಥವನ್ನೂ ಈ ಆಟವೇ ನನಗೆ ಕಲಿಸಿತು. ರೋಹಿಣಿಗೆ ಸುಮಾರು 65 ಜ್ಯೋತಿರ್ವರ್ಷ. ಒಂದು ಜಿಗಿತಕ್ಕೆ 50 ಜ್ಯೋತಿರ್ವರ್ಷ ಸಾಗುವ ನೌಕೆಗೆ ಎರಡೇ ಹೆಜ್ಜೆ. ಆ ಕಿತ್ತಳೆ ಬಣ್ಣದ ದೈತ್ಯ ತಾರೆ ಪರದೆಯನ್ನೆಲ್ಲ ತುಂಬಿ ನಿಂತಾಗ, ತಾರಸಿಯಿಂದ ಚುಕ್ಕಿಯಾಗಿ ಕಂಡದ್ದು ಇದೇ ಎಂದು ನಂಬುವುದಕ್ಕೆ ತುಸು ಹೊತ್ತು ಹಿಡಿಯಿತು. ಗೆಲಾಕ್ಸಿಯ ಕೇಂದ್ರಕ್ಕಾದರೋ ಸುಮಾರು 26,000 ಜ್ಯೋತಿರ್ವರ್ಷ, ಎಂದರೆ 520 ಜಿಗಿತ; ಒಂದೊಂದಕ್ಕೆ ಒಂದು ನಿಮಿಷವೆಂದರೂ ಒಂಬತ್ತು ಗಂಟೆಗೆ ಸಮೀಪ. ಬೆಳಕಿಗೆ 26,000 ವರ್ಷ ಬೇಕಾಗುವ ದಾರಿಯಿದು ಎಂಬ ಮಾತು ಓದಿದಾಗ ಬರಿಯ ಅಂಕಿಯಾಗಿತ್ತು. ರಾತ್ರಿ ಊಟದ ಬಳಿಕ ಇಪ್ಪತ್ತಿಪ್ಪತ್ತು ಜಿಗಿತದಂತೆ ಸಾಗಿದರೂ ಒಂದು ರಾತ್ರಿಗೆ ಗೆಲಾಕ್ಸಿಯ ನಕ್ಷೆಯಲ್ಲಿ ಬೆರಳಗಲವೂ ಸರಿಯದಂತೆ ತೋರುವಾಗ ಅದು ಮೈಗೆ ತಾಕುವ ಅನುಭವವಾಯಿತು.

ಆ ಕೇಂದ್ರವಿರುವ ದಿಕ್ಕು ಧನುಸ್ಸಿಗೂ ವೃಶ್ಚಿಕದ ಬಾಲಕ್ಕೂ ನಡುವೆ, ನಮ್ಮ ಪಂಚಾಂಗದ ಮೂಲಾ ನಕ್ಷತ್ರದ ನೆರೆಯಲ್ಲಿದೆ. ಹಿರಿಯರಿಗೆ ಗೆಲಾಕ್ಸಿಯ ಕೇಂದ್ರ ತಿಳಿದಿತ್ತೆಂದು ಇದರಿಂದ ಸಾಧಿಸಹೊರಡುವುದು ಸತ್ಯಕ್ಕೆ ಮಾಡುವ ಅಪಚಾರ. ಆದರೂ, ಬೇರು ಎಂಬರ್ಥದ ಹೆಸರನ್ನು ಹೊತ್ತ ತಾರೆಗಳತ್ತ ನೌಕೆಯ ಮೂತಿಯನ್ನು ತಿರುಗಿಸಿದಾಗ ನನಗಾದ ಪುಲಕವನ್ನು ಮುಚ್ಚಿಡಲಾರೆ.

ದಾರಿಯಲ್ಲಿ ನ್ಯೂಟ್ರಾನ್ ನಕ್ಷತ್ರಗಳು ಎದುರಾಗುತ್ತವೆ. ಅವುಗಳ ಧ್ರುವಗಳಿಂದ ಚಿಮ್ಮುವ ಕಿರಣಧಾರೆಯೊಳಗೆ ನೌಕೆಯನ್ನು ನುಗ್ಗಿಸಿದರೆ ಮುಂದಿನ ಜಿಗಿತ ನಾಲ್ಕು ಪಟ್ಟು ದೂರ ಹೋಗುತ್ತದೆ, ಯಂತ್ರಕ್ಕೆ ಘಾಸಿಯೂ ಆಗುತ್ತದೆ. ಈ ಜಿಗಿತ ಕಲ್ಪನೆಯದು. ಆದರೆ ದೀಪಸ್ತಂಭದಂತೆ ಸುತ್ತುವ ಧಾರೆ ಕಲ್ಪನೆಯಲ್ಲ. ಪಲ್ಸಾರ್ ಎನಿಸುವ ಇಂಥ ತಾರೆಗಳ ರೇಡಿಯೋ ಕಿರಣಗಳು ಅವುಗಳ ಕಾಂತಧ್ರುವಗಳಿಂದ ಹೊಮ್ಮುತ್ತವೆಂಬ ವಿವರಣೆಯನ್ನು 1969ರಲ್ಲಿ ಕುಕ್ ಎಂಬ ಸಹೋದ್ಯೋಗಿಯೊಡನೆ ಮುಂದಿಟ್ಟವರು, ಆಗ ಆಸ್ಟ್ರೇಲಿಯಾದಲ್ಲಿದ್ದು ಮುಂದೆ 1972ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದ ವಿ. ರಾಧಾಕೃಷ್ಣನ್. ಸಿ. ವಿ. ರಾಮನ್ ಅವರ ಈ ಪುತ್ರರು ತಾವೇ ಹಾಯಿದೋಣಿ ಕಟ್ಟಿ ಕಡಲಿಗಿಳಿದವರು. ಕಿರಣಧಾರೆಗೆ ನುಗ್ಗುವಾಗಲೆಲ್ಲ ನನಗೆ ನಮ್ಮೂರಿನ ಆ ನಾವಿಕರ ನೆನಪಾಗುತ್ತದೆ.

ಯಾರೂ ಕಾಲಿಡದ ತಾರೆಯನ್ನು ಮೊದಲು ಅಳೆದವನ ಹೆಸರು ನಕ್ಷೆಯಲ್ಲಿ ಎಲ್ಲರಿಗೂ ಕಾಣುವಂತೆ ಉಳಿಯುತ್ತದೆ. ಹತ್ತು ವರ್ಷ ಕಳೆದರೂ ಆಟಗಾರರೆಲ್ಲ ಸೇರಿ ನೋಡಿರುವುದು ಈ ಗೆಲಾಕ್ಸಿಯ ಶೇಕಡ ಒಂದರಷ್ಟೂ ಅಲ್ಲವಾದ್ದರಿಂದ ಅಂಥ ತಾರೆಗಳಿಗೇನೂ ಬರವಿಲ್ಲ. ಆದರೆ ಅಳೆದ ಮಾತ್ರಕ್ಕೆ ಹೆಸರು ನಿಲ್ಲದು. ಆ ಲೆಕ್ಕವನ್ನು ಜನವಸತಿಯ ನಿಲ್ದಾಣಕ್ಕೆ ಮುಟ್ಟಿಸಬೇಕು. ನಡುವೆ ನೌಕೆ ಒಡೆದರೆ ಕಂಡದ್ದೆಲ್ಲ ಕಾಣದಂತೆಯೇ. ಹಿಂದಿನ ನಾವಿಕರ ದಿನಚರಿಗಳಿಗೆ ಇದ್ದ ಬೆಲೆ ನನಗೆ ಅರ್ಥವಾದದ್ದು ಈ ನಿಯಮದಿಂದ. 2019ರಲ್ಲಿ ಡಿಸ್ಟೆಂಟ್ ವರ್ಲ್ಡ್ಸ್ 2 ಎಂಬ ಮಹಾಯಾತ್ರೆಗೆ ಹೊರಟ ಹತ್ತು ಸಾವಿರಕ್ಕೂ ಹೆಚ್ಚು ಆಟಗಾರರ ಶ್ರಮದಿಂದ ಕೇಂದ್ರದ ಬಳಿಯಲ್ಲೇ ಎಕ್ಸ್‌ಪ್ಲೋರರ್ಸ್ ಆಂಕರೇಜ್ ಎಂಬ ನಿಲ್ದಾಣ ಎದ್ದಿರುವುದರಿಂದ, ನನ್ನಂಥವರಿಗೆ ಈಗ ಮರುಯಾನದ ಭಯ ಅರ್ಧದಷ್ಟು ಇಳಿದಿದೆ.

ಇದನ್ನು ಬರೆಯುವ ಹೊತ್ತಿಗೆ ನನ್ನ ನೌಕೆ ಕೇಂದ್ರದಿಂದ 2,000 ಜ್ಯೋತಿರ್ವರ್ಷ ಈಚೆಗಿದೆ. ಸುತ್ತಲೂ ತಾರೆಗಳು ಜರಡಿ ಹಿಡಿದ ಅಕ್ಕಿಹಿಟ್ಟಿನಂತೆ ದಟ್ಟವಾಗಿವೆ. ಆಚೆಗೆ, 40 ಲಕ್ಷ ಸೂರ್ಯರ ತೂಕದ ಕಪ್ಪುಕುಳಿ ತನ್ನ ಹಿಂದಣ ಬೆಳಕನ್ನು ಬಾಗಿಸುತ್ತ ಕಾದಿದೆ. ಇನ್ನು 40 ಜಿಗಿತ. ಯಾರೂ ನೋಡದ ಮುನ್ನೂರು ಗ್ರಹಗಳ ಲೆಕ್ಕ ನನ್ನ ಬಳಿ ಇದೆ.

“ದೊಡ್ಡಪ್ಪ, ಮುಂದಿನದು ಯಾವ ವರ್ಗ, ನೋಡಿಕೊಂಡಿರಾ?” ಎಂದು ತಮ್ಮನ ಮಗ ಬಾಗಿಲಿನಿಂದಲೇ ಕೇಳಿದ.

“ಕೆ” ಎಂದೆ.