ವಯಸ್ಸಿನ ಮಿತಿ ಆಡುವವರಿಗೆ, ಆಸರೆಗೆ ಬಂದವರಿಗಲ್ಲ



ಸುಗ್ಗಿ ಮುಗಿದ ಮೇಲೆ ಊರೂರಿನಲ್ಲಿ ಯುವಕ ಸಂಘದವರು ಮಕ್ಕಳ ಆಟೋಟಗಳನ್ನು ಏರ್ಪಡಿಸುವುದುಂಟು. 14 ವರ್ಷದೊಳಗಿನವರಿಗೆ ಮಾತ್ರ ಎಂಬ ಕಟ್ಟುಪಾಡು ಬೇಕಾದದ್ದೇ; ಇಲ್ಲವಾದರೆ ಮೀಸೆ ಬಂದವರು ಎಳೆಯರ ಬಹುಮಾನ ಹೊತ್ತೊಯ್ದಾರು. ಆದರೆ ಇದೇ ಕಟ್ಟುಪಾಡಿನಿಂದ ಅಂಗವಿಕಲ ಮಕ್ಕಳು ಮನೆಯಲ್ಲೇ ಉಳಿಯುತ್ತಿದ್ದಾರೆ. ಒಂದು ಊರಿನಲ್ಲಿ ಕಣ್ಣು ಕಾಣದ ಹುಡುಗಿಯ ಕೈಹಿಡಿದು ತಂದ ಅಕ್ಕನಿಗೆ 19 ವರ್ಷವೆಂದು ಅಂಗಳದೊಳಕ್ಕೆ ಬಿಡಲಿಲ್ಲ. ಅಕ್ಕನೊಡನೆ ತಂಗಿಯೂ ಹಿಂದಿರುಗಿದಳು.

ಆ ಅಕ್ಕ ಆಡಲು ಬಂದವಳಲ್ಲ. ಚಿಕ್ಕಮಗಳೂರು ಜಿಲ್ಲೆಯ ರಕ್ಷಿತಾ ರಾಜು ಅವರನ್ನು ನೋಡಿರಿ. ಕಣ್ಣು ಕಾಣದ ಮಹಿಳೆಯರ 1500 ಮೀಟರ್ ಓಟದಲ್ಲಿ, 2023ರಲ್ಲಿ ಚೀನದ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ, ಚಿನ್ನ ಗೆದ್ದವರು. 2024ರಲ್ಲಿ ಪ್ಯಾರಿಸ್ಸಿನಲ್ಲಿ ಅವರು ಓಡಿದಾಗ ಗಿಡ್ಡ ದಾರದ ಇನ್ನೊಂದು ತುದಿ ಹಿಡಿದು ಜೊತೆಗೆ ಓಡಿದವರು ರಾಹುಲ್ ಬಾಲಕೃಷ್ಣ. ಹೆಂಗಸರ ಪಂದ್ಯದಲ್ಲಿ ಗಂಡಸೇಕೆ ಎಂದು ಅಲ್ಲಿ ಆಕ್ಷೇಪವಿಲ್ಲ. ಆದರೆ ಜೊತೆಗಾರ ಎಳೆಯಬಾರದು, ನೂಕಬಾರದು, ಗುರಿಯ ಗೆರೆಯನ್ನು ಆಕೆಗಿಂತ ಮುಂಚೆ ದಾಟಬಾರದು. ಈ ನಿಯಮ ಬಿಗಿ.

ನಮ್ಮ ಊರಿಗೂ ಇಷ್ಟು ಸಾಕು. ಜೊತೆಗಾರನ ವಯಸ್ಸು ಕೇಳಬೇಡಿ; ಮಗುವಿನ ಬದಲು ಆತನೇ ಆಡದಂತೆ ನೋಡಿಕೊಳ್ಳಿ. ತಾಯಿಗಿಂತ ನೆರೆಮನೆಯ ಹುಡುಗನೋ ಹುಡುಗಿಯೋ ಈ ಕೆಲಸಕ್ಕೆ ಲೇಸೆಂದು ನನ್ನ ಎಣಿಕೆ. ತಾಯಿ ಬಿದ್ದೀತೆಂದು ಹಿಡಿದೇ ಇರುತ್ತಾಳೆ! ಹೆಣ್ಣುಮಗುವನ್ನು ಶೌಚಕ್ಕೆ ಕರೆದೊಯ್ಯಲು ಮಾತ್ರ ಹೆಂಗಸೇ ಇರಬೇಕು. ಇದೊಂದಕ್ಕೆ ಹೆದರಿ ಮಕ್ಕಳನ್ನು ಕಳುಹಿಸದವರು ಬಹಳ.

ಚೆಂಡಿಗೆ ತೆಳು ಪ್ಲಾಸ್ಟಿಕ್ ಚೀಲ ಸುತ್ತಿ ಕಟ್ಟಿದರೆ ಉರುಳುವಾಗ ಸರಸರ ಸದ್ದಾಗಿ ಕುರುಡು ಮಗುವಿಗೆ ದಿಕ್ಕು ತಿಳಿಯುತ್ತದೆ. ಕಿವಿ ಕೇಳದವರಿಗಾಗಿ ಸೀಟಿಯೊಡನೆ ಕೆಂಪು ವಸ್ತ್ರ ಬೀಸಿರಿ. ಗಾಲಿಕುರ್ಚಿ ಉರುಳಲು ಕಣದಂತೆ ಗಟ್ಟಿಸಿದ ನೆಲವಿರಲಿ, ಉತ್ತ ಹೊಲದ ಹೆಂಟೆ ಆಗದು.

ಬುದ್ಧಿ ನಿಧಾನವಾಗಿ ಬೆಳೆದ 17ರ ಹುಡುಗನನ್ನು 8 ವರ್ಷದವರ ಕಬಡ್ಡಿಗೆ ಸೇರಿಸುವುದು ಮಾತ್ರ ಬೇಡ. ಚಿಕ್ಕವರಿಗೆ ಪೆಟ್ಟು, ಅವನಿಗೆ ಅವಮಾನ. ತನ್ನ ಓರಗೆಯವರೊಡನೆ, ಪಕ್ಕದಲ್ಲಿ ನಿಂತು ಹೇಳಿಕೊಡುವ ಒಬ್ಬನ ಸಹಾಯದಿಂದ ಆಡಲಿ.

ಇದು ದಯೆಯ ಮಾತಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು 16ನೆಯ ಪ್ರಕರಣದಲ್ಲಿ ಶಾಲೆಯ ಆಟ ಮನರಂಜನೆಗಳಲ್ಲಿ ಸಮಾನ ಅವಕಾಶವನ್ನೂ, 30ನೆಯದರಲ್ಲಿ ಕ್ರೀಡೆಯಲ್ಲಿ ಭಾಗವಹಿಸುವಿಕೆಯನ್ನೂ ಹೇಳಿದೆ.

ಮುಂದಿನ ಆಟೋಟಕ್ಕೆ ಹೆಸರು ಬರೆಸುವಾಗ, ಮಗುವಿನ ಹೆಸರಿನ ಮುಂದೆಯೇ ಜೊತೆಗಾರನ ಹೆಸರನ್ನೂ ಬರೆಸಿರಿ. ಪುಸ್ತಕದಲ್ಲಿ ಅದಕ್ಕೊಂದು ಕಲಮು ಹಾಕುವಂತೆ ಸಂಘದವರಿಗೆ ಈಗಲೇ ತಿಳಿಸಿ.