ಹವಳದ ದಿಬ್ಬದ ಆರೋಗ್ಯ: ಮೀನುಗಳು ನುಡಿಯುವ ಸಾಕ್ಷ್ಯ

ಟಿನ್ ಫ್ಯಾಕ್ಟರಿಯ ಪರಿಸರದಲ್ಲಿ ವಾಸಿಸುವ ನಮಗೆ ಸಮುದ್ರವು ದೂರವಾದರೂ, ನೀರಿನ ಸ್ಥಿತಿಯನ್ನು ಮೀನು ಸಾರುತ್ತದೆಂಬುದು ಅಪರಿಚಿತವಾದ ಸಂಗತಿಯಲ್ಲ. 2016ರ ಮಾರ್ಚ್ ತಿಂಗಳಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದಾಗ, ಕೊಳಚೆ ಸೇರಿದ ನೀರಿನಲ್ಲಿ ಆಮ್ಲಜನಕವು ಕ್ಷೀಣಿಸಿದ ಮಾತು ಊರಿಗೆಲ್ಲ ತಿಳಿಯಿತು. ಆದರೆ ಆ ಸಾಕ್ಷ್ಯವು ದೊರೆತದ್ದು ಅನಾಹುತವಾದ ಮೇಲೆ. ಅದಕ್ಕೆ ಮುನ್ನವೇ ಮೀನುಗಳಿಂದ ಎಚ್ಚರಿಕೆ ಪಡೆಯುವುದು ಸಾಧ್ಯವೆ? ಹವಳದ ದಿಬ್ಬಗಳ ಅಧ್ಯಯನವು ಸಾಧ್ಯವೆಂದು ತೋರಿಸಿಕೊಟ್ಟಿದೆ.

ನಮ್ಮ ನಾಡಿನಲ್ಲಿಯೇ ಹವಳವನ್ನು ಕಾಣಬಯಸುವವರು ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರು ದೂರದಲ್ಲಿ, ಅರಬ್ಬೀ ಸಮುದ್ರದಲ್ಲಿರುವ ನೇತ್ರಾಣಿ ದ್ವೀಪಕ್ಕೆ ಹೋಗಬೇಕು. ಹವಳವು ಕಲ್ಲೂ ಅಲ್ಲ, ಗಿಡವೂ ಅಲ್ಲ. ಸುಣ್ಣದ ಗೂಡು ಕಟ್ಟಿಕೊಂಡು ಒಟ್ಟಾಗಿ ಬಾಳುವ ಸಣ್ಣ ಪ್ರಾಣಿಗಳ ಸಮೂಹ. ಅವುಗಳ ಮೈಯೊಳಗೆ ನೆಲೆಸಿದ ಏಕಕೋಶ ಪಾಚಿಯು ಬಿಸಿಲಿನ ಬಲದಿಂದ ಅವಕ್ಕೆ ಆಹಾರವನ್ನು ಒದಗಿಸುತ್ತದೆ. ಬೇಸಿಗೆಯ ವಾಡಿಕೆಯ ಗರಿಷ್ಠ ಉಷ್ಣತೆಗಿಂತ ಒಂದು ಡಿಗ್ರಿಯಷ್ಟು ಹೆಚ್ಚು ಬಿಸಿ ಕೆಲವು ವಾರ ನಿಂತರೂ ಈ ನಂಟು ಕಡಿದು ಹವಳವು ಬಿಳಿಚಿಕೊಳ್ಳುತ್ತದೆ.

ದಿಬ್ಬದ ಮೀನುಗಳಲ್ಲಿ ಒಂದೊಂದಕ್ಕೆ ಒಂದೊಂದು ಕಸುಬು. ಚಿಟ್ಟೆಮೀನುಗಳ ಕೆಲವು ಜಾತಿಗಳಿಗೆ ಜೀವಂತ ಹವಳವೇ ಆಹಾರ. ಹವಳವು ಸೊರಗಿದರೆ ಅವು ಬೇಗನೆ ವಿರಳವಾಗುತ್ತವೆ. ಕೊಕ್ಕಿನಂತಹ ಹಲ್ಲುಳ್ಳ ಗಿಳಿಮೀನು ಬಂಡೆಯ ಮೇಲಿನ ಪಾಚಿಯನ್ನು ಕೆರೆದು ತಿಂದು, ಹೊಸ ಹವಳವು ಬೇರೂರಲು ಎಡೆಮಾಡಿಕೊಡುತ್ತದೆ. ದೊಡ್ಡ ಬೇಟೆಮೀನುಗಳು ಕಾಣದಿದ್ದರೆ ಬಲೆ ಗಾಳಗಳ ಹಾವಳಿ ಅತಿಯಾಗಿರಬಹುದೆಂದು ಊಹಿಸಬೇಕು. ಆದುದರಿಂದ ಎಷ್ಟು ಮೀನುಗಳಿವೆ ಎಂಬುದಕ್ಕಿಂತ ಯಾವ ಕಸುಬಿನವು ಉಳಿದಿವೆ, ಒಂದೊಂದು ಕಸುಬಿಗೆ ಎಷ್ಟು ಜಾತಿಗಳಿವೆ ಎಂಬುದೇ ಮುಖ್ಯ.

ಜಮೈಕಾದ ಕಥೆಯು ಇದಕ್ಕೆ ನಿದರ್ಶನ. ಅಲ್ಲಿ ಮಿತಿಮೀರಿದ ಮೀನುಗಾರಿಕೆಯಿಂದ ಪಾಚಿ ಮೇಯುವ ಮೀನುಗಳು ಅಳಿದು, ಆ ಹೊಣೆಯೆಲ್ಲ ಬಹುಮಟ್ಟಿಗೆ ಮುಳ್ಳುಮೈಯ ಒಂದೇ ಕಡಲಜೀವಿಯ ಪಾಲಿಗೆ ಬಂದಿತ್ತು. 1980ರ ಚಂಡಮಾರುತವು ಹವಳವನ್ನು ಮುರಿಯಿತು. 1983ರಲ್ಲಿ ಆ ಜೀವಿಯೂ ರೋಗಕ್ಕೆ ತುತ್ತಾಯಿತು. ತಡೆಯುವವರಿಲ್ಲದೆ ಪಾಚಿಯು ಹಬ್ಬಿತು. 1977ರಲ್ಲಿ ನೂರಕ್ಕೆ ಸುಮಾರು 50 ಪಾಲು ಹರಡಿದ್ದ ಹವಳವು 1993ರ ವೇಳೆಗೆ 3 ಪಾಲಿಗೆ ಇಳಿಯಿತು.

ಇಲ್ಲೊಂದು ಎಚ್ಚರಿಕೆಯೂ ಅಗತ್ಯ. ಸತ್ತ ಹವಳದ ಸುಣ್ಣದ ಗೂಡು ಕೆಲವು ವರ್ಷ ನಿಂತೇ ಇರುವುದರಿಂದ ಅದರ ಮರೆಯಲ್ಲಿ ಮೀನುಗಳು ಇನ್ನೂ ಸುಳಿದಾಡುತ್ತವೆ. ಗೂಡು ಕುಸಿದ ಮೇಲೆಯೇ ನಷ್ಟವು ಪೂರ್ಣವಾಗಿ ಗೋಚರಿಸುತ್ತದೆ. ಎಂದೇ ಮುಳುಗುಗಾರರು ಅದೇ ಸ್ಥಳದಲ್ಲಿ ಅಳತೆಯ ಪಟ್ಟಿಯನ್ನು ಹಾಸಿ, ವರ್ಷವರ್ಷವೂ ಮೀನುಗಳೊಂದಿಗೆ ಹವಳವನ್ನೂ ಲೆಕ್ಕ ಹಾಕಬೇಕು. ನೇತ್ರಾಣಿಗೆ ವಿಹಾರಾರ್ಥವಾಗಿ ತೆರಳಿ ಮುಳುಗುವವರು ಅಲ್ಲಿನ ಬಣ್ಣಗಳಿಗೆ ಮಾರುಹೋಗುವುದು ಸಹಜ. ಆದರೆ ಈ ವರ್ಷ ಯಾವ ಬಣ್ಣವು ಕಾಣಲಿಲ್ಲವೆಂದು ಕೇಳುವವರೂ ಬೇಕು. ಹಲಸೂರಿನಲ್ಲಿ ಮೀನುಗಳು ಸತ್ತು ತಿಳಿಸಿದ ಮಾತನ್ನು ನೇತ್ರಾಣಿಯಲ್ಲಿ ಅವು ಬದುಕಿರುವಾಗಲೇ ನಾವು ಕೇಳಿಸಿಕೊಳ್ಳೋಣ.