ಸಕ್ಕರೆಯ ಹೆಣ್ಣು, ನೋಡುವ ಕಣ್ಣು
ಸಾರ್ವಜನಿಕ ಕಲೆ ಅಂತೀವಲ್ಲ, ಆ ಸಾರ್ವಜನಿಕರು ಯಾರು ಅಂತ ತರಗತಿಯಲ್ಲಿ ಕೇಳ್ತಿರ್ತೀನಿ. ನ್ಯೂಯಾರ್ಕಿನ ‘ಕ್ರಿಯೇಟಿವ್ ಟೈಮ್’ ಲಾಭದ ಉದ್ದೇಶವಿಲ್ಲದ ಸಂಸ್ಥೆ. ಕಲಾವಿದರಿಗೆ ಕೃತಿ ವಹಿಸಿ, ಜಾಗ, ಹಣ ಹೊಂದಿಸಿ ಜನರ ಮುಂದಿಡುತ್ತದೆ. 2014ರಲ್ಲಿ ಅದು ಕಪ್ಪು ಕಲಾವಿದೆ ಕಾರಾ ವಾಕರ್ ಅವರಿಂದ, ಬ್ರೂಕ್ಲಿನ್ನಿನ ಮುಚ್ಚಿದ ಡಾಮಿನೊ ಸಕ್ಕರೆ ಕಾರ್ಖಾನೆಯೊಳಗೆ ವಿಗ್ರಹವೊಂದನ್ನು ಮಾಡಿಸಿತು: ಸುಮಾರು 35 ಅಡಿ ಎತ್ತರದ ಬತ್ತಲೆ ಕಪ್ಪು ಹೆಣ್ಣು, ಮೈಮೇಲೆಲ್ಲ ಬಿಳಿ ಸಕ್ಕರೆ. ಕಬ್ಬಿನ ಗದ್ದೆಯಿಂದ ಅಡುಗೆಮನೆಯವರೆಗೆ ಕೂಲಿಯಿಲ್ಲದೆ ದುಡಿದವರಿಗೆ ಅರ್ಪಣೆ. (ಸಕ್ಕರೆ ದಾನ ಕೊಟ್ಟದ್ದು ಡಾಮಿನೊ ಕಂಪನಿಯೇ!) ಪ್ರವೇಶಕ್ಕೆ ಕಾಸಿಲ್ಲ. ಬಂದವರಲ್ಲಿ ಕೆಲವರು ಆ ಮೈಯೆದುರು ಅಶ್ಲೀಲವಾಗಿ ಹಲ್ಲುಕಿರಿದು ಫೋಟೊ ತೆಗೆಸಿಕೊಂಡರು. ಬಾಗಿಲು ತೆರೆದ ಮಾತ್ರಕ್ಕೆ ನೋಟ ಬದಲಾಗುತ್ತಾ? ದಲಿತ ವಿಮರ್ಶೆ ಕೇಳಬೇಕಾದ್ದು ಇದನ್ನೇ. ಆ ಜೂನಿನಲ್ಲಿ ಕಪ್ಪು ಜನ, ಬಿಳಿಯರಲ್ಲದ ಇತರರು ದಿನ ಗೊತ್ತುಮಾಡಿ, ಗುಂಪಾಗಿ ಬಂದು ಅವಳೆದುರು ನಿಂತರು.